ಅಫಿಡವಿಟ್ಟಿನೊಳಗಿನ ಹೆಂಡತಿ

ರಾಯಚೂರು
14 ಜೂನ್ 1983

ತೀರ್ಥರೂಪ ಸಮಾನರಾದ ಅಂಬಣ್ಣ ಮಾಮಾನಿಗೆ,

ನಿನ್ನ ಅಕ್ಕನ ಮಗಳು ಗದ್ದೆಮ್ಮ ಮಾಡುವ ನಮಸ್ಕಾರಗಳು. ಮೇಲಿನ ಒಕ್ಕಣೆಯನ್ನು ಇನ್ನೊಮ್ಮೆ ಓದು. ಅಪ್ಪನಿಗೆ ಬರೆಯುವಾಗ ತೀರ್ಥರೂಪ ಎನ್ನಬೇಕು, ಅಪ್ಪನ ಸಮಾನರಾದ ಮಾಮಾ, ಕಾಕಾಗಳಿಗೆ ತೀರ್ಥರೂಪ ಸಮಾನ ಎನ್ನಬೇಕು ಎಂದು ಪಾಟಿಯ ಮೇಲೆ ಬರೆಸಿ ಬರೆಸಿ ಕಲಿಸಿದವನು ನೀನು. ಹೆಂಡತಿಯಾದವಳು ಗಂಡನಿಗೆ ಯಾವ ಒಕ್ಕಣೆ ಬರೆಯುತ್ತಾಳೆ ಎಂದು ನೀನು ಕಲಿಸಲಿಲ್ಲ, ನಾನೂ ಕೇಳಲಿಲ್ಲ. ಹೀಗಾಗಿ ನನಗೆ ಬರುವುದು ಇದೊಂದೇ.

ನಿನ್ನ ಮೊಣಕಾಲ ನೋವು ಹೇಗಿದೆ? ನಾನು ಕಳಿಸಿದ ಎಣ್ಣೆ ಹಚ್ಚುತ್ತಿದ್ದೀಯೋ, ಅಥವಾ ಅದೂ ಕಪಾಟು ಸೇರಿದೆಯೋ? ಯುಗಾದಿಯ ದಿನ ನೀನು, ಇನ್ನು ನಶ್ಯ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದೆ. ನಿನ್ನ ಆಣೆಗಳಿಗೆ ಎಷ್ಟು ಬೆಲೆ ಎಂದು ಈಗ ನನಗೆ ಚೆನ್ನಾಗಿ ಗೊತ್ತಾಗಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಗಬ್ಬೂರಿನ ಕಡೆ ಮಳೆಯಾಯಿತೇ? ಇಲ್ಲಿ ಇನ್ನೂ ಒಂದು ಹನಿ ಬಿದ್ದಿಲ್ಲ. ಬಾಡಿಗೆ ಕೋಣೆಯ ತಗಡಿನ ಕೆಳಗೆ ಕೂತು ಬರೆಯುತ್ತಿದ್ದೇನೆ. ಬೆವರು ಹನಿದು ಅಕ್ಷರ ಎಲ್ಲಾದರೂ ಕಲೆಸಿದ್ದರೆ ಅದನ್ನು ಕಣ್ಣೀರು ಎಂದು ತಿಳಿಯಬೇಡ. ನಾನು ಅಳುತ್ತಿಲ್ಲ. ನನಗೆ ಸಿಟ್ಟು ಬಂದಿದೆ. ಸಿಟ್ಟಿದ್ದರೂ ಮೊದಲು ಆರೋಗ್ಯ ವಿಚಾರಿಸಿ ಆಮೇಲೆ ಸುದ್ದಿಗೆ ಬರಬೇಕು ಎಂದು ಕಲಿಸಿದವನೂ ನೀನೇ ಆಗಿರುವುದರಿಂದ ಇಷ್ಟು ಹೊತ್ತು ತಡೆದುಕೊಂಡೆ.

ಧಾರವಾಡದಿಂದ ನನ್ನ ಎಲ್‌ಎಲ್.ಎಂ. ಅರ್ಜಿ ವಾಪಸು ಬಂದದ್ದನ್ನು ಹೋದ ವಾರವೇ ನಿನಗೆ ಬರೆದಿದ್ದೆ. ಅರ್ಜಿಯಲ್ಲಿ ನಾನು ಕುಮಾರಿ. ಅದರ ಜೊತೆ, ಓದಿನ ಖರ್ಚಿಗೆ ನಾನು ಜವಾಬ್ದಾರ ಎಂದು ನೀನು ದೇವದುರ್ಗದಲ್ಲಿ ಮಾಡಿಸಿ ಕಳಿಸಿದ ಅಫಿಡವಿಟ್ಟಿನಲ್ಲಿ ನಾನು ನಿನ್ನ ಹೆಂಡತಿ. ಎರಡರಲ್ಲಿ ಯಾವುದು ನಿಜ, ತಿಂಗಳ ಕೊನೆಯೊಳಗೆ ಆಧಾರ ಸಮೇತ ತಿಳಿಸದಿದ್ದರೆ ಅರ್ಜಿಯನ್ನು ಪರಿಗಣಿಸುವುದಿಲ್ಲ ಎಂದು ಅವರು ಬರೆದಿದ್ದಾರೆ. ಅವರದ್ದೇನೂ ತಪ್ಪಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಬರೆಯುತ್ತಿದ್ದೆ. ಕಾಲೇಜಿನಲ್ಲಿ ಈ ಸುದ್ದಿ ನನಗಿಂತ ಮೊದಲೇ ತಿರುಗಾಡುತ್ತಿತ್ತು. ಗುಮಾಸ್ತರು ಲಕೋಟೆ ಕೈಗೆ ಕೊಡುತ್ತಾ, "ಏನವ್ವಾ, ಲಗ್ನದ ಊಟ ಹಾಕದ ಹಂಗ ಮುಗಿಸಿಬಿಟ್ರೇನು?" ಎಂದು ನಕ್ಕರು. ನಾನು ಲಕೋಟೆ ಒಡೆದು ಅಲ್ಲಿಯೇ ಬಾಗಿಲಲ್ಲಿ ನಿಂತು ಓದಿದೆ. ಓದಿದ ಮೇಲೂ ಇದು ಆ ಟೈಪು ಮಾಡಿದವನ ಎಡವಟ್ಟು, ಮಾಮಾ ನೋಡಿರಲಿಕ್ಕಿಲ್ಲ ಎಂದುಕೊಂಡೆ. ನೀನು ಅವಸರದಲ್ಲಿ ಸಹಿ ಹಾಕಿರಬೇಕು ಎಂದು ನಿನ್ನ ಪರವಾಗಿ ನಾನೇ ವಾದ ಮಾಡಿದೆ.

ಆಮೇಲೆ ನಿನ್ನ ಕಾರ್ಡು ಬಂತು. ಅದನ್ನು ಇದೇ ಮೇಜಿನ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. "ಓದಿಯೇ ಸಹಿ ಹಾಕಿದೆ. ಇವತ್ತಲ್ಲ ನಾಳೆ ಆಗುವ ಮಾತೇ ಅಲ್ಲವೇ, ಇದ್ದರೆ ಇರಲಿ ಎಂದುಕೊಂಡೆ. ಮದುವೆಯಾದವಳೆಂದು ಹಾಸ್ಟೆಲ್ಲಿನಲ್ಲಿ ಜಾಗ ಕೊಡದಿದ್ದರೆ ಬಿಡಲಿ. ನಾನೇ ಆ ಕಡೆಗೆ ವರ್ಗ ಮಾಡಿಸಿಕೊಂಡು ಬರುತ್ತೇನೆ, ಒಂದು ಮನೆ ಮಾಡೋಣ." ಇಷ್ಟನ್ನೂ ಊರೆಲ್ಲ ಓದಲಿ ಎಂಬಂತೆ ಕಾರ್ಡಿನ ಮೇಲೆ ಬರೆದಿದ್ದೀಯ! ಒಂದು ಲಕೋಟೆಯಷ್ಟೂ ಮರ್ಯಾದೆ ನನಗಿಲ್ಲವೇ? ನಮ್ಮ ಓಣಿಯ ಪೋಸ್ಟಮನ್ನು ಅದನ್ನು ಕೊಡುವಾಗ ಹಲ್ಲು ಕಿಸಿದ. ಅವನ ಹಲ್ಲು ನೋಡಿದಾಗ ಏನು ಬರೆದಿದೆಯೆಂದು ಗೊತ್ತಿರಲಿಲ್ಲ, ಓದಿದ ಮೇಲೆ ಅವನ ಹಿಂದೆ ಓಡಿಹೋಗಿ ಒಂದು ಕೊಡೋಣ ಅನ್ನಿಸಿತು. ಅವನಿಗಲ್ಲ, ನಿನಗೆ.

ನಿನ್ನನ್ನು ಎದುರಿಗೇ ಕೇಳಬೇಕೆಂದು ನಿನ್ನೆ ಬಸ್ಸು ಹತ್ತಿ ದೇವದುರ್ಗಕ್ಕೆ ಹೋದೆ. ಮೊದಲು ಆ ಟೈಪಿಸ್ಟರನ್ನು ಹುಡುಕಿದೆ. ಕೋರ್ಟಿನ ಎದುರು ಬೇವಿನ ಗಿಡದ ಕೆಳಗೆ ಮೇಜು ಹಾಕಿಕೊಂಡು ಕೂರುವ ವಲಿ ಪಾಷಾ ಅವರು, ವಯಸ್ಸಾದವರು. ಕಾಗದ ಮುಂದಿಟ್ಟು ಇದನ್ನು ಯಾರು ಹೇಳಿ ಬರೆಸಿದರು ಎಂದು ಜೋರು ಮಾಡಿದೆ. ಪಾಪ, ಅವರು ಚಷ್ಮಾ ಏರಿಸಿಕೊಂಡು ಎರಡು ಸಲ ಓದಿದರು. "ಮಾಸ್ತರಿಗೆ ಕೇಳಿದ್ನೆವ್ವಾ, ಅರ್ಜಿ ಹಾಕಿದಾಕಿ ನಿಮಗ ಏನಾಗಬೇಕ್ರಿ ಅಂತ. ಅಕ್ಕನ ಮಗಳು ಅಂದ್ರು. ನಿಮ್ಮವರಾಗ ಅಕ್ಕನ ಮಗಳ ಕಾಗದ ಹಿಡಕೊಂಡು ಬಂದಾವ್ರೆಲ್ಲಾ ಗಂಡಂದ್ರ ಆಗಿರ್ತಾರ. ರೇಷನ್ ಕಾರ್ಡಿಗೆ ಬಂದ್ರೂ ಹಂಗ, ಹೊಲದ ಕಾಗದಕ್ಕ ಬಂದ್ರೂ ಹಂಗ. ಹೆಂಡತಿ ಅಂತ ಹೊಡದೆ, ಅವರಿಗೆ ಓದಾಕ ಕೊಟ್ಟೆ. ನಕ್ಕೋತ ಸಹಿ ಮಾಡಿದ್ರು." ಹೀಗೆಂದು ಕಾಗದ ಮಡಿಸಿ ನನ್ನ ಕೈಗೆ ಕೊಟ್ಟರು. ಆಮೇಲೆ, "ನಮ್ಮಾಗ ಮಾಮೂ ಅಂದ್ರ ಅಪ್ಪನ ಜಗಾ ಬೇಟಿ. ನಿಮ್ಮಾಗ ಬ್ಯಾರೆ ಅಂತ ನಾನ ತಿಳಕೊಂಡೆ, ತಪ್ಪಾತು" ಎಂದರು. ನನಗೆ ಅವರ ಮೇಲಿದ್ದ ಸಿಟ್ಟು ಇಳಿದುಹೋಯಿತು. ಅದನ್ನೂ ಸೇರಿಸಿ ನಿನ್ನ ಲೆಕ್ಕಕ್ಕೆ ಹಾಕಿದ್ದೇನೆ.

ನಕ್ಕೋತ ಸಹಿ ಮಾಡಿದ್ರು! ಮಕ್ಕಳ ಶುದ್ಧಬರಹದಲ್ಲಿ ಒಂದು ಒತ್ತು ತಪ್ಪಿದರೂ ಬೆಂಚಿನ ಮೇಲೆ ನಿಲ್ಲಿಸುವವನು ನೀನು. ನಾನು ಹೈಸ್ಕೂಲಿಗೆ ಮಾನ್ವಿಯಲ್ಲಿದ್ದಾಗ ನಿನಗೆ ಬರೆದ ಕಾಗದಗಳನ್ನೆಲ್ಲ ನೀನು ಕೆಂಪು ಶಾಯಿಯಲ್ಲಿ ತಿದ್ದಿ ತಿರುಗಿ ಕಳಿಸುತ್ತಿದ್ದೆ, ನೆನಪಿದೆಯೇ? ನನಗೆ ಜ್ವರ ಬಂದಿದೆ ಎಂದು ಬರೆದರೂ ಮೊದಲು ಜ್ವರದ ಅರ್ಕಾವೊತ್ತು ತಿದ್ದಿ, ಕೆಳಗೆ ಕಷಾಯ ಕುಡಿ ಎಂದು ಬರೆಯುತ್ತಿದ್ದೆ. ಅಂಥವನ ಕಣ್ಣಿಗೆ ಹೆಂಡತಿ ಎಂಬ ಇಡೀ ಮಾತು ತಪ್ಪಾಗಿ ಕಾಣಲಿಲ್ಲ.

ವಲಿ ಪಾಷಾ ಅವರಿಂದ ಎದ್ದು ಗಬ್ಬೂರಿನ ಬಸ್ಸು ಹಿಡಿದೆ. ನಿನ್ನ ಬಾಗಿಲಿಗೆ ಕೀಲಿ. ಪಕ್ಕದ ಮನೆಯ ಬೂದೆಮ್ಮ ಹೊರಗೆ ಬಂದು, "ಮಾಸ್ತರ ಗೂಗಲ್‌ಗೆ ಹೋಗ್ಯಾರವ್ವಾ, ಹೊಳಿದಂಡಿ ಅಲ್ಲಮಪ್ರಭುನ ಗುಡಿಗೆ. ನೀ ಬರ್ತೀ ಅಂತ ಗೊತ್ತಿತ್ತೇನ, ಕೀಲಿಕೈ ನನ್ನ ಕೈಯಾಗ ಕೊಟ್ಟಾರ" ಎಂದಳು. ನಾನು ಬರುತ್ತೇನೆಂದು ಗೊತ್ತಿದ್ದೇ ಹೋದೆಯಾ? ಊರಿನ ಹುಡುಗರನ್ನೆಲ್ಲ ಬೆತ್ತದಲ್ಲಿ ಹೆದರಿಸುವವನು ಅಕ್ಕನ ಮಗಳಿಗೆ ಹೆದರಿ ಹೊಳೆದಂಡೆಗೆ ಓಡಿಹೋದೆಯಲ್ಲ, ನಾಚಿಕೆಯಾಗಬೇಕು. ಬೂದೆಮ್ಮ ಪಾಪ ಪ್ರೀತಿಯಿಂದಲೇ ಮಾತಾಡಿದಳು. ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ಆಮೇಲೆ ಕುಂಕುಮದ ಬಟ್ಟಲು ತಂದು, "ಗಂಡನ ಮನಿ ಹೊಸ್ತಿಲಕ್ಕ ಬಂದು ಹೊರಗ ನಿಂತೀಯಲ್ಲವ್ವಾ, ಒಳಗ ಹೋಗಿ ದೀಪನಾರ ಹಚ್ಚು" ಎಂದಳು. ಆ ಮನೆಯಲ್ಲಿ ಬೇಸಿಗೆ ರಜೆಗಳನ್ನೆಲ್ಲ ಕಳೆದವಳು ನಾನು. ಆ ಹೊಸ್ತಿಲ ಮೇಲೆ ಕೂತು ಮಾವಿನಹಣ್ಣು ತಿಂದು ಲಂಗವೆಲ್ಲ ರಸ ಮಾಡಿಕೊಂಡು ಬೈಸಿಕೊಂಡವಳು. ನಿನ್ನೆ ಅದನ್ನು ದಾಟಲು ನನ್ನಿಂದ ಆಗಲಿಲ್ಲ. ಬೂದೆಮ್ಮನ ಕೈಯಿಂದ ಕೀಲಿಕೈ ತೆಗೆದುಕೊಳ್ಳದೆ ಬಿಸಿಲಲ್ಲಿಯೇ ಬಸ್‌ಸ್ಟ್ಯಾಂಡಿಗೆ ಬಂದೆ. ನನ್ನ ಮಾಮಾನ ಮನೆಗೆ ನಾನು ಹೋಗದ ಹಾಗೆ ಮಾಡಿಟ್ಟಿದ್ದೀಯ. ಅಫಿಡವಿಟ್ಟಿಗಿಂತ ಇದು ನನಗೆ ಹೆಚ್ಚು ಉರಿಯುತ್ತದೆ.

ನೀನು ಏನು ಹೇಳುತ್ತೀಯೆಂದು ನನಗೆ ಗೊತ್ತು. ಇದು ನಮ್ಮಲ್ಲಿ ಹಿಂದಿನಿಂದ ನಡೆದುಕೊಂಡು ಬಂದದ್ದು, ಹೊಸದೇನೂ ಅಲ್ಲ ಎನ್ನುತ್ತೀ. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಬಂದವರೆಲ್ಲ ಅಂಬಣ್ಣನಿಗೆ ಹೆಣ್ಣು ಹುಟ್ಟಿತು ಎಂದು ನಿನ್ನ ಬಾಯಿಗೆ ಸಕ್ಕರೆ ಹಾಕಿದರಂತೆ. ಆಗ ನಿನಗೆ ಸಕ್ಕರೆಯ ರುಚಿ ಬಿಟ್ಟು ಬೇರೇನು ಗೊತ್ತಿತ್ತು? ಅಪ್ಪ ಸತ್ತಾಗ ನೀನು ನನ್ನನ್ನು ಎತ್ತಿಕೊಂಡು, "ಕೂಸಿನ್ನ ನಾ ನೋಡ್ಕೋತೀನಿ, ನೀ ಅಳಬ್ಯಾಡಕ್ಕ" ಎಂದೆಯಂತೆ. ಈ ಮಾತನ್ನು ಅವ್ವ ಈಗಲೂ ಹೇಳಿ ಕಣ್ಣೊರೆಸಿಕೊಳ್ಳುತ್ತಾಳೆ. ನೀನು ನೋಡಿಕೊಂಡೆ, ಇಲ್ಲ ಎನ್ನುವುದಿಲ್ಲ. ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಟವೆಲ್ ಸುತ್ತಿ ಕೂರಿಸಿಕೊಂಡು ಸಾಲಿಗೆ ಕರೆದೊಯ್ದೆ. ಹೆಣ್ಣುಮಗಳಿಗೆ ಕಾಯ್ದೆ ಯಾಕೆ ಎಂದು ಊರು ನಕ್ಕಾಗ ನೀನೊಬ್ಬನೇ ನಿಂತೆ. ಅದೆಲ್ಲವನ್ನೂ ಮಾಡಿದವನು ನನ್ನ ಮಾಮಾ ಎಂದು ನಾನು ಮೆರೆಯುತ್ತಿದ್ದೆ. ಈಗ ಜನ ಹೇಳುವುದು, ಅಂಬಣ್ಣ ತನ್ನ ಹೊಲಕ್ಕೆ ತಾನೇ ಗೊಬ್ಬರ ಹಾಕಿಕೊಂಡ ಎಂದು. ಇಷ್ಟು ವರ್ಷವೂ ನೀನು ನೋಡಿಕೊಂಡದ್ದು ಮಗುವನ್ನೋ, ಬೆಳೆಯನ್ನೋ? ನನಗೆ ನಿನ್ನ ಬಾಯಿಂದಲೇ ಗೊತ್ತಾಗಬೇಕು.

ನಿನಗಾಗಿ ಕಾದಾನ, ನಿನಗಾಗಿ ಬ್ಯಾರೆ ಹೆಣ್ಣು ನೋಡಿಲ್ಲ ಎಂದು ಕಂಡವರೆಲ್ಲ ನನಗೆ ಬುದ್ಧಿ ಹೇಳುತ್ತಾರೆ. ಕಾಯಿ ಎಂದು ನಾನು ಹೇಳಿದ್ದೆನೇ? ನಾನು ಲಂಗ ಹಾಕಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದಾಗ ನೀನು ಕಾಯತೊಡಗಿದೆಯಂತೆ, ಅದರ ಭಾರವನ್ನು ನಾನು ಹೊರಬೇಕಂತೆ. ನಿಜ ಹೇಳಲೇ ಮಾಮಾ, ನೀನು ಕೂಡ ಕಾದಿಲ್ಲ. ಎಲ್ಲರೂ ಹೇಳಿದರು ಎಂದು ಸುಮ್ಮನೆ ಕೂತೆ. ಬೇಕು ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಒಂದು ದಿನವಾದರೂ ನನ್ನನ್ನು ಎದುರಿಗೆ ಕೂರಿಸಿಕೊಂಡು, ಗದ್ದೆವ್ವಾ ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದ್ದೀಯಾ? ಕೇಳುವ ಧೈರ್ಯವಿಲ್ಲದೆ ಟೈಪಿಸ್ಟರ ಕೈಯಿಂದ ಬರೆಸಿಕೊಂಡೆ. ಅದು ಹೇಡಿತನ. ದೊಡ್ಡವನಿಗೆ ಹೀಗೆ ಬರೆಯಬಾರದೆಂದು ಗೊತ್ತಿದ್ದೂ ಬರೆದಿದ್ದೇನೆ. ಬೇಕಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆ.

ಈ ವರ್ಷ ಸಂಕ್ರಾಂತಿಯಿಂದ ಅವ್ವ ನಿನ್ನನ್ನು ನೀನು ಎನ್ನಬೇಡ, ರೀ ಹಚ್ಚಿ ಮಾತಾಡು ಎಂದು ನನ್ನ ತೊಡೆ ಚಿವುಟುತ್ತಿದ್ದಾಳೆ. ನಾನು ಮಾತು ಬರುವ ಮೊದಲೇ ನಿನ್ನ ಕೂದಲು ಜಗ್ಗಿದವಳು. ನಿನಗೆ ರೀ ಹಚ್ಚುವ ದಿನ ನನ್ನ ಮಾಮಾ ಸತ್ತ ಹಾಗೆ. ಅದಕ್ಕೇ ಈ ಕಾಗದವನ್ನೂ ಹಳೆಯ ರೀತಿಯಲ್ಲಿಯೇ ಬರೆಯುತ್ತಿದ್ದೇನೆ.

ಕಾಯ್ದೆಯ ಮಾತನ್ನೂ ಹೇಳಿಬಿಡುತ್ತೇನೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಕೂಡದು ಎಂದಿದೆ. ಆದರೆ ಎರಡೂ ಕಡೆಯವರಲ್ಲಿ ರೂಢಿಯಿದ್ದರೆ ತಡೆಯಿಲ್ಲ ಎಂದೂ ಇದೆ. ನೀನು ಈ ಎರಡನೆಯ ಮಾತನ್ನು ಯಾರೋ ವಕೀಲರ ಬಾಯಿಂದ ಕೇಳಿಕೊಂಡು ಬಂದು ಅವ್ವನ ಮುಂದೆ ಜಂಬ ಪಟ್ಟಿದ್ದೆ, ಕಾಯ್ದೆಯೂ ನಮ್ಮ ಕಡೆಗೇ ಇದೆ ಎಂದು. ತಡೆಯಿಲ್ಲ ಎಂದರೆ ಮಾಡಲೇಬೇಕು ಎಂದೇ? ಊರ ಬಾವಿಯಲ್ಲಿ ನೀರು ಸೇದಲು ತಡೆಯಿಲ್ಲ ಎಂದರೆ ಯಾರನ್ನಾದರೂ ಬಾವಿಗೆ ನೂಕಬಹುದೇ? ಎಲ್‌ಎಲ್.ಎಂ.ಗೆ ಯಾವ ವಿಷಯ, ಯಾಕೆ ಓದುತ್ತೀ ಎಂದು ಅರ್ಜಿಯಲ್ಲಿ ಕೇಳಿದ್ದರು. ಮದುವೆ, ಜೀವನಾಂಶ, ವಾರಸು ಇವೆಲ್ಲ ಬರುವ ಕೌಟುಂಬಿಕ ಕಾನೂನಿನ ಶಾಖೆಯನ್ನು ಬೇಡಿದ್ದೇನೆ. ರೂಢಿ ಕೊಡುವ ಅನುಮತಿಯನ್ನು ಜನ ಹೇಗೆ ಅಪ್ಪಣೆ ಮಾಡಿಕೊಂಡಿದ್ದಾರೆ ಎಂಬುದನ್ನು ನಮ್ಮ ಸೀಮೆಯ ಹೆಣ್ಣುಮಕ್ಕಳನ್ನು ಕೇಳಿ ಕೇಳಿ ಬರೆಯಬೇಕೆಂದಿದ್ದೇನೆ ಎಂದು ಒಂದು ಹಾಳೆ ತುಂಬ ಬರೆದಿದ್ದೆ. ಆ ಹಾಳೆಗೇ ನೀನು ನಿನ್ನ ಅಫಿಡವಿಟ್ಟನ್ನು ಪಿನ್ನು ಹೊಡೆದು ಜೋಡಿಸಿದಂತಾಯಿತು. ಧಾರವಾಡದವರು ಓದಿ ನಕ್ಕಿರಬೇಕು. ಇರುವುದೇ ಬೆರಳೆಣಿಕೆಯ ಸೀಟು. ಈ ವರ್ಷ ತಪ್ಪಿದರೆ ಅವ್ವ ಮುಂದಿನ ವರ್ಷದವರೆಗೆ ಬಿಡುವುದಿಲ್ಲ, ದೀಪಾವಳಿಯೊಳಗೆ ಅಕ್ಕಿಕಾಳು ಹಾಕಿಸಿ ಗಬ್ಬೂರಿಗೆ ಕಳಿಸುತ್ತಾಳೆ. ಅಲ್ಲಿಗೆ ನನ್ನ ಓದು ಮುಗಿಯುತ್ತದೆ. ಇದು ನಿನಗೂ ಗೊತ್ತು, ಗೊತ್ತಿದ್ದೇ ನಕ್ಕೆ.

ಈಗ ನೀನು ಮಾಡಬೇಕಾದದ್ದು ಇಷ್ಟೆ. ಇದರೊಳಗೆ ಹೊಸ ಛಾಪಾ ಕಾಗದವಿದೆ. ಗದ್ದೆಮ್ಮ ನನ್ನ ಅಕ್ಕನ ಮಗಳು, ಅವಿವಾಹಿತೆ, ಅವಳ ಓದಿಗೆ ನಾನು ಜವಾಬ್ದಾರ ಎಂದು ವಲಿ ಪಾಷಾ ಅವರೇ ಪುಗಸಟ್ಟೆ ಹೊಡೆದುಕೊಟ್ಟಿದ್ದಾರೆ. ದೇವದುರ್ಗಕ್ಕೆ ಹೋಗಿ ನೋಟರಿಯ ಮುಂದೆ ಸಹಿ ಮಾಡಿ ನನಗೆ ಕಳಿಸು. ಈ ಸಲ ನಗಬೇಡ. ಕಳಿಸದಿದ್ದರೆ ನಾನು ರಾಯಚೂರಿನ ಮುನ್ಸೀಫ್ ಕೋರ್ಟಿನಲ್ಲಿ ನಾನು ನಿನ್ನ ಹೆಂಡತಿಯಲ್ಲ ಎಂದು ದಾವೆ ಹೂಡುತ್ತೇನೆ. ವಾದಿ ಗದ್ದೆಮ್ಮ, ಪ್ರತಿವಾದಿ ಅಂಬಣ್ಣ. ಕರಿಕೋಟು ಹಾಕಿಕೊಂಡ ಮೇಲೆ ನನ್ನ ಮೊದಲನೆಯ ದಾವೆ ಅದೇ ಆಗಲಿ. ಸುಳ್ಳು ಪ್ರಮಾಣ ಮಾಡಿದವನಿಗೆ ಏನಾಗುತ್ತದೆ, ಮಾಸ್ತರಿಕೆ ಉಳಿಯುತ್ತದೋ ಇಲ್ಲವೋ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆಯಲು ಕೈ ಬರುತ್ತಿಲ್ಲ. ಆದರೆ ಆ ಕಲಮು ನನಗೆ ಬಾಯಿಪಾಠ ಇದೆ.

ಬೂದೆಮ್ಮನಿಗೆ ನನ್ನ ನಮಸ್ಕಾರ ಹೇಳು, ಬೆಲ್ಲ ತಿಂದು ಮುಖ ಗಂಟು ಹಾಕಿಕೊಂಡು ಬಂದೆನೆಂದು ಬೇಜಾರು ಮಾಡಿಕೊಳ್ಳಬಾರದೆಂದು ಹೇಳು. ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ನನ್ನ ಸಿಟ್ಟಿಗೂ ನಿನ್ನ ಮೊಣಕಾಲಿಗೂ ಸಂಬಂಧವಿಲ್ಲ. ನನಗೆ ನಿನ್ನ ಉತ್ತರ ಬೇಡ, ಸಹಿ ಬೇಕು.

ಇಂತು ನಿನ್ನ ಅಕ್ಕನ ಮಗಳು, ಬೇರೇನೂ ಅಲ್ಲ,
ಕುಮಾರಿ ಗದ್ದೆಮ್ಮ, ಬಿ.ಎ., ಎಲ್‌ಎಲ್.ಬಿ.

ತಾಜಾ ಕಲಂ: ಲಕೋಟೆಗೆ ಗೋಂದು ಹಚ್ಚುವಷ್ಟರಲ್ಲಿ ಮಾನ್ವಿ ಬಸ್ಸಿಗೆ ಅವ್ವ ಬಂದಳು. ತಲೆಯ ಮೇಲೆ ಬುತ್ತಿ, ಸೊಂಟದಲ್ಲಿ ಶೇಂಗಾ ಹಿಂಡಿಯ ಡಬ್ಬಿ. ಮುಚ್ಚಿಡುವುದೇನೆಂದು ಇಡೀ ಕಾಗದವನ್ನು ಅವಳಿಗೆ ಓದಿಬಿಟ್ಟೆ. ಹೆಂಡತಿ ಎಂದು ಬರೆದಿದ್ದಾನೆ ಎಂದಾಗ ಮೊದಲು, "ಚಲೋ ಆತಲ್ಲ, ಬಾಯಿ ಬಿಟ್ಟನಲ್ಲ" ಎಂದು ನಕ್ಕಳು. ಛಾಪಾ ಕಾಗದದ ಮೇಲೆ, ಸರಕಾರದ ಸಿಕ್ಕಾ ಹೊಡೆಸಿ, ಈಗಾಗಲೇ ಆಗಿಹೋದ ಹೆಂಡತಿ ಎಂದು ಬರೆದಿದ್ದಾನೆ ಎಂದು ಬಿಡಿಸಿ ಹೇಳಿದೆ. ಅವಳ ನಗು ನಿಂತಿತು. "ಎಲಿ ಅಡಿಕಿ ಇಡಲಿಲ್ಲ, ಸಕ್ರಿ ತರಲಿಲ್ಲ, ನನ್ನ ಹೊಸ್ತಿಲಕ್ಕ ಬಂದು ಅಕ್ಕಾ ಹೆಣ್ಣು ಕೊಡು ಅನಲಿಲ್ಲ. ಸ್ವಾದರಮಾವ ಆದ್ರೇನು, ಕೇಳಬೇಕು. ಕೇಳದ ಒಯ್ಯಾಕ ನನ್ನ ಮಗಳು ದೊಡ್ಡಿ ಆಕಳೇನು?" ಎಂದು ಅವಳು ಎತ್ತಿದ ದನಿಗೆ ಮನೆಯ ಮಾಲಕರು ಹೊರಗೆ ಬಂದು ನೋಡಿದರು. ನನ್ನ ಇಷ್ಟೂ ಕಾಯ್ದೆಗೆ ಅಲುಗದವಳು, ನೀನು ಕೇಳಲಿಲ್ಲ ಎಂಬುದಕ್ಕೆ ಉರಿದುಬಿದ್ದಳು.

ಆಮೇಲೆ ಬುತ್ತಿ ಬಿಚ್ಚಿ ರೊಟ್ಟಿ ನನ್ನ ಕಡೆ ಸರಿಸಿ ಹೇಳಿದಳು: "ನಿಮ್ಮಪ್ಪ ನನಗ ಮಾಮಾನ ಆಗಬೇಕಿತ್ತಲ್ಲ. ನನ್ನೂ ಯಾರೂ ಕೇಳಿದ್ದಿಲ್ಲ. ಸಣ್ಣಾಕಿ ಇದ್ದಾಗ ಆತನ ಹೆಗಲ ಮ್ಯಾಲಿಂದ ಇಳೀತಿದ್ದಿಲ್ಲ ನಾನು. ಲಗ್ನ ಆದ ಮ್ಯಾಲೆ ಆತನ ಮುಂದ ತಲಿ ಎತ್ತಲಿಲ್ಲ. ಗಂಡ ಚಲೋ ಇದ್ದ, ಒಂದ ಮಾತು ಅಂದಾತಲ್ಲ. ಆದ್ರ ನನಗ ಮಾಮಾ ಇಲ್ದಂಗಾತು." ಇಷ್ಟು ವರ್ಷದಲ್ಲಿ ಅವ್ವ ಈ ಮಾತು ಆಡಿದ್ದನ್ನು ನಾನು ಕೇಳಿಲ್ಲ. ನೀನು ಕೇಳಿದ್ದೀಯಾ?

ಊಟವಾದ ಮೇಲೆ, ಜವಾಬ್ದಾರಿ ಬರೆದುಕೊಡಲು ತಮ್ಮ ಯಾಕೆ ಬೇಕು, ಹೆತ್ತವಳು ಸತ್ತಿದ್ದಾಳೆಯೇ ಎಂದು ನನ್ನನ್ನೂ ಬೈದಳು. ಅಪ್ಪನ ನಂತರ ತಾಯಿಯೇ ಪಾಲಕಳೆಂದು ಪರೀಕ್ಷೆಯಲ್ಲಿ ಬರೆದು ಬಂದವಳಿಗೆ ಅದು ಹೊಳೆದಿರಲಿಲ್ಲ. ಕೋರ್ಟಿಗೆ ಹೋಗಿ ನೋಟರಿಯ ಮುಂದೆ ಅವ್ವ ತನ್ನ ಹೆಸರಿನಲ್ಲಿ, ಮಗಳಿಗೆ ಮದುವೆಯಾಗಿಲ್ಲ, ಅವಳ ಓದಿಗೆ ನಾನೇ ಜವಾಬ್ದಾರ ಎಂದು ಪ್ರಮಾಣ ಮಾಡಿದಳು, ಹೊಲ ಅವಳ ಹೆಸರಿಗೇ ಇದೆಯಲ್ಲ. ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಹಟ ಮಾಡಿ, ನೀನು ಕಲಿಸಿದ ಹಾಗೆ ಆದೆಮ್ಮ ಎಂದು ಬರೆದಳು. ಇದರ ಜೊತೆ ತಾವೊಂದು ಪತ್ರ ಕೊಟ್ಟರೆ ಸಾಕಾಗುತ್ತದೆ ಎಂದು ಪ್ರಿನ್ಸಿಪಾಲರು ಹೇಳಿದರು, ಕೊಟ್ಟರು. ಅರ್ಜಿ ಸಂಜೆಯ ಟಪಾಲಿಗೆ ಹೋಯಿತು. ನಿನ್ನ ಸಹಿ ನನಗೆ ಇನ್ನು ಬೇಕಿಲ್ಲ, ಛಾಪಾ ಕಾಗದವನ್ನು ನಿನ್ನ ಕೈಯಿಂದಲೇ ಹರಿದು ಹಾಕು. ಸೀಟು ಸಿಕ್ಕರೆ ಜುಲೈಯಲ್ಲಿ ಹೊರಡುತ್ತೇನೆ. ಟ್ರಂಕು ಭಾರವಾಗುತ್ತದೆ, ಬಸ್ಸಿನ ಮೇಲೆ ಏರಿಸಲು ನನಗೆ ಮಾಮಾ ಬೇಕು. ಅವ್ವ ಪಕ್ಕದಲ್ಲಿಯೇ ಕೂತು ಕಡೆಗೆ ಇಷ್ಟು ಬರಿ ಎನ್ನುತ್ತಿದ್ದಾಳೆ: "ಕೇಳಾಕ ಬಂದ್ರ ಇಲ್ಲ ಅಂತೀನಿ. ಕಳಸಾಕ ಬಂದ್ರ ಅಂವಗೂ ಬುತ್ತಿ ಕಟ್ತೀನಿ."